ಸೀಟಿ ಊದುವ ಮುಂಚೆ

ಕಳೆದ ವಾರ ಬೀದರಿನ ನೌಬಾದದಲ್ಲಿ ಬಸ್ಸು ಹತ್ತಿದೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಹುಡುಗಿಯಿಂದ ಲವಂಗದ ವಾಸನೆ ಬಂತು. ಲವಂಗ ಎಂದರೆ ಎಲ್ಲರಿಗೂ ಪಲಾವು ನೆನಪಾಗಬಹುದು, ನನಗೆ ನಮ್ಮ ಕಂಡಕ್ಟರ್ ಅಕ್ಕ. ಸೀರೆಯ ಮೇಲೆ ಖಾಕಿ ಅಂಗಿ, ದವಡೆಯಲ್ಲಿ ಸದಾ ಒಂದು ಲವಂಗ...

ಖಟಕ ಚಿಂಚೋಳಿಯಿಂದ ಭಾಲ್ಕಿಯ ಕಾಲೇಜಿಗೆ ಹೋಗುತ್ತಿದ್ದವರು ನಾವು ಏಳು ಹುಡುಗಿಯರು. ನಮ್ಮನ್ನು ಕಳಿಸಲು ಯಾರ ಅಪ್ಪನಿಗೂ ಮನಸ್ಸಿರಲಿಲ್ಲ. ಅಕ್ಕನೇ ಬಸ್ಸಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದಳು. "ನಿಮ್ಮ ಹುಡುಗಿ ನನ್ನ ಜಿಮ್ಮಾ ರೀ ಕಾಕಾ. ಮುಂಜಾನಿ ಒಯ್ತೇನಿ, ಸಂಜಿಕ ತಂದು ಬಿಡ್ತೇನಿ." ಅಪ್ಪ ಒಪ್ಪಿದ. ಆದರೆ ಒಂದು ದಿನ ಬಸ್ಸು ತಪ್ಪಿದರೂ ಕಾಲೇಜು ಬಂದ್ ಎಂದು ನನಗೆ ತಾಕೀತು ಮಾಡಿದ.

ಸಂಜೆ ಕೊನೆಯ ಬಸ್ಸಿನಲ್ಲಿ ಆಕೆ ನಮ್ಮ ತಲೆ ಮುಟ್ಟಿ ಎಣಿಸುತ್ತಿದ್ದಳು. ಏಳಾಗುವ ತನಕ ಸೀಟಿ ಇಲ್ಲ. ಕುರಿ ಎಣಿಸಿದ ಹಾಗೆ ಎಂದು ನಾವು ಮುಸಿಮುಸಿ ನಗುತ್ತಿದ್ದೆವು. ಗಂಡಸರು ತುಂಬಿದ ಬಸ್ಸಿನಲ್ಲಿ ಆಕೆ "ಹಿಂದ ಸರೀರಿ" ಎಂದರೆ ಸಾಕು, ಎಲ್ಲರೂ ಸರಿಯುತ್ತಿದ್ದರು. ಹೆಂಗಸಿನ ಮಾತಿಗೆ ಗಂಡಸರು ಸರಿಯುವುದನ್ನು ನಾನು ಮೊದಲು ಕಂಡದ್ದು ಅಲ್ಲೇ. ಆಕೆಯನ್ನು ಒಂಬತ್ತನೇ ತರಗತಿಗೇ ಸಾಲಿ ಬಿಡಿಸಿದ್ದರಂತೆ. ಮದುವೆಯಾದ ಮೇಲೆ ಹಟ ಹಿಡಿದು ಪರೀಕ್ಷೆ ಕಟ್ಟಿದವಳು.

ಒಂದು ಸಂಜೆ ನಾನು ಭಾಲ್ಕಿಯ ಗೆಳತಿಯ ಮನೆಯಲ್ಲಿ ಟಿವಿ ನೋಡುತ್ತ ಕುಳಿತುಬಿಟ್ಟೆ. ಎದ್ದು ಬಿದ್ದು ಓಡಿ ಬಂದಾಗ ಬಸ್ಸು ಅಲ್ಲೇ ಇತ್ತು. ನನಗಾಗಿ ತಡೆದು ನಿಲ್ಲಿಸಿದ್ದಳು. ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು.

"ಎಲ್ಲಿದ್ದಿ?"

"ಪ್ರಾಕ್ಟಿಕಲ್ ಇತ್ತಕ್ಕ."

ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಸೀಟಿ ಊದಿದಳು. ಊರಲ್ಲಿ ಕಾದು ನಿಂತಿದ್ದ ಅಪ್ಪನಿಗೂ ಅದನ್ನೇ ಹೇಳಿದಳು. ನನ್ನ ಕಾಲೇಜು ಉಳಿಯಿತು.

ಆದರೆ ಬಸ್ಸಿನಲ್ಲಿದ್ದ ಯಾರೋ ದೂರು ಬರೆದರು. ಕೆಲವೇ ದಿನಗಳಲ್ಲಿ ಆಕೆಯನ್ನು ಔರಾದ–ಸಂತಪುರದ ಬಸ್ಸಿಗೆ ಹಾಕಿದರು. ಕೊನೆಯ ದಿನ ನನ್ನನ್ನು ಹತ್ತಿರ ಕರೆದಳು. "ನಾಳಿಂದ ಹುಡುಗ್ಯಾರ್ನ ನೀ ಎಣಿಸು."

"ನಾನ್ಯಾಕಕ್ಕ?"

"ಬಸ್ ತಪ್ಪಿದ್ರ ಹ್ಯಾಂಗಾಗ್ತದ, ನಿನಗ ಗೊತ್ತದ."

ನಿಜ ಹೇಳಿಬಿಡಬೇಕೆನಿಸಿತು. ಹೂಂ ಎಂದಷ್ಟೇ ಹೇಳಿ ಇಳಿದುಬಿಟ್ಟೆ.

ಮರುದಿನ ಎಣಿಸಿದೆ, ಏಳು. ಮುಂದಿನ ವಾರ ಐದು. "ಆಕಿನೇ ಇಲ್ಲಂದ್ರ ಯಾರ ಭರೋಸಾ ಮ್ಯಾಲ ಕಳಸೋದು?" ಎಂದು ಇಬ್ಬರ ಅಪ್ಪಂದಿರು ಕಾಲೇಜು ಬಿಡಿಸಿಬಿಟ್ಟಿದ್ದರು. ಅವರಿಬ್ಬರ ಮದುವೆ ಆ ಬೇಸಿಗೆಯಲ್ಲೇ ಮುಗಿಯಿತು. ಉಳಿದವರನ್ನು ನಾನು ಎರಡು ವರ್ಷ ಒಬ್ಬರನ್ನೂ ಬಿಡದೆ ಎಣಿಸಿದೆ. ಓದಿದೆ, ಬೀದರಿನಲ್ಲಿ ಕಾಲೇಜಿನ ಮೇಡಂ ಆದೆ. ಸಂತಪುರದ ಬಸ್ಸು ಹಿಡಿದು ಆಕೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕು ಎಂದು ಎಷ್ಟೋ ಸಲ ಹೊರಟೆ. ಬರೀ ಹೊರಟೆ...

ಕಳೆದ ವಾರದ ಆ ಕಂಡಕ್ಟರ್ ಹುಡುಗಿಯನ್ನು, ಸದಾ ಲವಂಗ ಹಾಕಿಕೊಳ್ಳುತ್ತಿದ್ದ ಕಂಡಕ್ಟರ್ ಅಕ್ಕ ಗೊತ್ತಾ ಎಂದು ಕೇಳಿದೆ.

"ಅವ್ರಾ? ಹೋದ ವರ್ಷ ತೀರಿಕೊಂಡ್ರು ರೀ ಮೇಡಂ. ಈ ಕೆಲಸಕ್ಕ ಅರ್ಜಿ ಹಾಕು ಅಂತ ನನ್ನ ಬೆನ್ನು ಹತ್ತಿದವ್ರೇ ಅವ್ರು. ನಿಮಗ ಹ್ಯಾಂಗ ಗೊತ್ತರಿ?"

ಏನೋ ಹೇಳಹೊರಟೆ. ಇನ್ನೂ ಟಿಕೆಟ್ ಬಾಕಿ ಇದ್ದವು, ಆಕೆ ಮುಂದೆ ಹೋದಳು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಕ್ಕನಿಗೆ ಹೇಳುವುದು ಇನ್ನಾಗದು. ಅಕ್ಕ ಹೋದ ಮೇಲೆ ಕಾಲೇಜು ತಪ್ಪಿದ ಆ ಇಬ್ಬರು ಗೆಳತಿಯರು ಇನ್ನೂ ಇದ್ದಾರೆ. ಅವರ ಬಾಗಿಲಿಗೆ ಹೋಗಿ, ನಾನು ಟಿವಿ ನೋಡುತ್ತ ಕೂತಿದ್ದೆ ಎಂದು ಹ್ಯಾಗೆ ಹೇಳಲಿ?