ಮೂರನೇ ಕಂಪ್ಯೂಟರಿನಲ್ಲಿ ಖದೀರನೇ ಮೊದಲು

ರಸ್ತೆ ಅಗಲ ಮಾಡುವವರು ಖದೀರನ ಮಂಚದ ಅಂಗಡಿಯನ್ನು ಹುಣಸೂರಿನ ಪೇಟೆಬೀದಿಯಿಂದ ಎತ್ತಿ ಗಲ್ಲಿಯೊಳಕ್ಕೆ ತಳ್ಳಿದ ಮೇಲೆ ಅತ್ತ ಗಿರಾಕಿಯ ನೆರಳೂ ಬೀಳಲಿಲ್ಲ. ಇಂಟರ್ನೆಟ್ಟಿನಲ್ಲಾದರೂ ಜನರ ಕಣ್ಣಿಗೆ ಬೀಳೋಣವೆಂದು ೨೦೦೯ರಲ್ಲಿ ಅವನೊಂದು ವೆಬ್‌ಸೈಟ್ ಮಾಡಿಸಿದ. ‘ಹುಣಸೂರು ಮಂಚ’ ಎಂದು ಹುಡುಕಿದರೆ ಅದು ಒಂಬತ್ತನೇ ಪುಟದಲ್ಲಿ ಬಿದ್ದುಕೊಂಡಿತ್ತು.

“ಒತ್ತಿದಷ್ಟೂ ಮೇಲಕ್ಕೆ ಬತ್ತದೆ ಸಾಬ್ರೇ” ಎಂದ ಪೇಟೆಬೀದಿಯ ಸೈಬರ್ ಸೆಂಟರಿನ ಧರ್ಮೇಂದ್ರ.

ಮೂವತ್ತು ವರ್ಷ ಉಳಿ ಹಿಡಿದ ಕೈ ಮೌಸ್ ಹಿಡಿಯಿತು. ಖದೀರ್ ಅಲ್ಲಿಯ ಮೂರನೇ ಕಂಪ್ಯೂಟರಿನ ಮುಂದೆ ದಿನಾ ಕೂತು ತನ್ನ ಸೈಟನ್ನೇ ಒತ್ತಿದ್ದೇ ಒತ್ತಿದ್ದು. ತಿಂಗಳಾಗುವಷ್ಟರಲ್ಲಿ ಒಂದನೇ ಸ್ಥಾನ! ಬೀದಿಗೆಲ್ಲ ಜಿಲೇಬಿ ಹಂಚಿದ.

ಮಾರನೇ ದಿನ ಪಿರಿಯಾಪಟ್ಟಣದ ಸೈಬರಿನಲ್ಲಿ ನೋಡಿದರೆ ಮತ್ತೆ ಒಂಬತ್ತನೇ ಪುಟ.

ಧರ್ಮೇಂದ್ರ ಹೊಟ್ಟೆ ಹಿಡಿದುಕೊಂಡು ನಕ್ಕ. “ನೀವು ಒತ್ತಿದ್ದು ಈ ಮಿಷನ್ನಿಗೆ ಮಾತ್ರ ಗ್ಯಾಪಕ ಅದೆ ಕಣ್ರೀ.”

“ಅಂಗಾದ್ರೆ ಜನಾನೇ ಇಲ್ಲಿಗೆ ಕರ್ಕಂಬತ್ತೀನಿ ಬುಡಯ್ಯ” ಎಂದ ಖದೀರ್, ಸೈಬರಿನ ಬಾಗಿಲಿಗೇ ಬೋರ್ಡು ಹೊಡೆದ: ‘ಇಂಟರ್ನೆಟ್ಟಿನಲ್ಲಿ ಖದೀರನ ಮಂಚವೇ ಮೊದಲು. ನಂಬದವರು ಮೂರನೇ ಕಂಪ್ಯೂಟರ್ ನೋಡಿ.’

ನಂಬದವರಿಗೇನು ಬರವೇ? ಹಂಪಾಪುರದಿಂದಲೂ ಬಂದು ನೋಡಿದರು, ತಲೆಯಾಡಿಸಿದರು, “ಅಂಗಡಿ ಎಲ್ಲಯ್ಯ?” ಎಂದು ಧರ್ಮೇಂದ್ರನನ್ನೇ ಕೇಳಿದರು. ಹೇಳಿ ಹೇಳಿ ಗಂಟಲು ಕಟ್ಟಿದ ಅವನು, ಕೊನೆಗೆ ಸುಣ್ಣದ ಬಕೆಟ್ಟು ತಂದು ಗಲ್ಲಿಯ ಮೂಲೆಗೋಡೆಯ ಮೇಲೆ ದಪ್ಪ ಬಾಣ ಬಳಿದ: ‘ಮಂಚ ಈ ಕಡೆ.’ ಅವತ್ತಿನಿಂದ ಗಲ್ಲಿಯಲ್ಲಿ ಕಾಲಿಡಲು ಜಾಗವಿಲ್ಲ.

“ನೋಡಿದ್ಯಾ ಇಂಟರ್ನೆಟ್ ತಾಕತ್ತು?” ಎಂದು ಖದೀರ್ ಹೆಂಡತಿ ಬೀಬಿಜಾನಳ ಮುಂದೆ ಎದೆಯುಬ್ಬಿಸಿದ.

“ಸುಣ್ಣದ ತಾಕತ್ತು ಕಣ್ರೀ” ಎಂದಳು ಅವಳು.