ಏಣಿಯ ಕಾಲಡಿಯ ಕಲ್ಲು

ಅರಬರ ನಾಡಿನ ನಿಜ್ವಾದಲ್ಲಿ ಹದಿನೇಳು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದ ಕೊಗ್ಗಣ್ಣ ತಲೆಯೆತ್ತಿ ನಡೆದದ್ದನ್ನು ಕಂಡವರು ಕಡಿಮೆ. ನಾಚಿಕೆಯಿಂದಲ್ಲ, ಯಾರ ಹೆದರಿಕೆಯಿಂದಲೂ ಅಲ್ಲ. ನೆಲದ ಮೇಲೆ ಎಲ್ಲಿಯಾದರೂ ಒಳ್ಳೆಯ ಚಪ್ಪಟೆ ಕಲ್ಲು ಬಿದ್ದಿರಬಹುದೇನೋ ಎಂಬ ಆಸೆಯಿಂದ. ಕೋಟೆಯ ಪಕ್ಕದ ಪೇಟೆಗೆ ಮೀನು ತರಲು ಹೋದವನು ಮೀನು ಮರೆತು ಕಲ್ಲು ಹೊತ್ತು ತಂದದ್ದೂ ಉಂಟು. ಅವತ್ತು ರೂಮಿನವರೆಲ್ಲ ಬರೀ ತಿಳಿಸಾರಿನಲ್ಲಿ ಊಟ ಮಾಡಿದರು. "ಈ ಮನುಷ್ಯ ಹೆಣ್ಣು ನೋಡಲಿಕ್ಕೆ ಹೋದಾಗಲೂ ಮೊದಲು ಅಂಗಳ ಸಮ ಉಂಟಾ ಅಂತ ನೋಡಿರಬೇಕು ಮಾರಾಯ್ರೆ" ಎಂದು ಅವರು ಹೇಳುತ್ತಿದ್ದರೆ ಕೊಗ್ಗಣ್ಣ ಬೇಸರಪಡುತ್ತಿರಲಿಲ್ಲ. ನೋಡಿದ್ದೂ ಇರಬಹುದು.

ಏಣಿ ನಿಲ್ಲಿಸುವುದಕ್ಕೆ ಅವನದ್ದೇ ಒಂದು ಶಾಸ್ತ್ರವಿತ್ತು. ನೆಲ ಏರುತಗ್ಗಾಗಿದ್ದರೆ ತಗ್ಗಿನ ಕಾಲನ್ನು ಎತ್ತರಿಸಬಾರದು, ಎತ್ತರದ ಕಾಲಿನ ಅಡಿಯನ್ನು ಅಗೆದು ತಗ್ಗಿಸಬೇಕು. ಅಗೆಯಲು ಸಾಧ್ಯವೇ ಇಲ್ಲದ ಬಂಡೆಯಾದರೆ ಮಾತ್ರ ಇನ್ನೊಂದು ಕಾಲಿಗೆ ಕಲ್ಲು. ಅದೂ ಒಂದೇ ಕಲ್ಲು, ಅಗಲವಾದದ್ದು, ತುಳಿದರೆ ಅಲುಗದ್ದು. ಮರದ ತುಂಡು ಸಲ್ಲ, ಪೇಂಟಿನ ಡಬ್ಬಿ ಸಲ್ಲ, ಕಲ್ಲಿನ ಮೇಲೆ ಕಲ್ಲಂತೂ ಸಲ್ಲವೇ ಸಲ್ಲ. ಆಮೇಲೆ ಅರ್ಧ ನೀರು ತುಂಬಿದ ಬಾಟಲಿಯನ್ನು ಏಣಿಯ ಮೆಟ್ಟಿಲಿನ ಮೇಲೆ ಅಡ್ಡ ಮಲಗಿಸಿ, ನೀರು ಯಾವ ಕಡೆಗೆ ಸರಿಯುತ್ತದೆಂದು ಒಂದು ಕಣ್ಣು ಮುಚ್ಚಿ ನೋಡಬೇಕು. ಕೊನೆಗೆ ತಾನೇ ಎರಡನೇ ಮೆಟ್ಟಿಲು ಹತ್ತಿ ನಾಲ್ಕು ಸಲ ಜಿಗಿಯಬೇಕು. ಇಷ್ಟಾಗುವಾಗ ಬೇರೆ ಕಂಪೆನಿಯವರು ಎರಡು ಮನೆಗೆ ವೈರು ಎಳೆದು ಚಾ ಕುಡಿಯುತ್ತಿರುತ್ತಿದ್ದರು.

ಈ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಎಂಬತ್ತಮೂರರಲ್ಲಿ ಇಬ್ರಿಯ ಪೇಟೆಯಲ್ಲಿ ಒಂದು ಹೊಸ ಅಂಗಡಿಯ ಬೋರ್ಡಿಗೆ ಟ್ಯೂಬ್‌ಲೈಟ್ ಹಾಕುವಾಗ ಏಣಿಯ ಕಾಲಡಿಗೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟವನು ಇದೇ ಕೊಗ್ಗಣ್ಣ. ಮೇಲೆ ಇದ್ದವನು ಲಿಗೋರಿ, ಒಂದೇ ರೂಮಿನಲ್ಲಿ ಒಂದೇ ಪಾತ್ರೆಯಿಂದ ಗಂಜಿ ಉಂಡವನು. ಮೇಲಿನ ಇಟ್ಟಿಗೆ ಜಾರಿತು, ಏಣಿ ಮಗುಚಿತು, ಲಿಗೋರಿಯ ಸೊಂಟದ ಮೂಳೆ ಮುರಿಯಿತು. ಓಡಿ ಬಂದ ಸೂಪರ್‌ವೈಸರ್ ಮೊದಲು ಕೇಳಿದ್ದು ಟ್ಯೂಬ್‌ಲೈಟ್ ಒಡೆಯಿತಾ ಎಂದು. ಲಿಗೋರಿ ಮೂರು ತಿಂಗಳ ನಂತರ ಕೋಲೂರಿಕೊಂಡು ಊರಿನ ವಿಮಾನ ಹತ್ತಿದ. ಅವನು ಬೈಯಲಿಲ್ಲ, ಅದೇ ಕಷ್ಟವಾಯಿತು. ಯಾರೂ ಬೈಯದ ತಪ್ಪನ್ನು ಮನುಷ್ಯ ತಾನೇ ದಿನಾ ಬೈದುಕೊಳ್ಳಬೇಕಾಗುತ್ತದೆ. ತನ್ನ ಏಣಿಯಿಂದ ಇನ್ನೊಬ್ಬ ಬೀಳಬಾರದು ಎಂಬುದೊಂದೇ ಕೊಗ್ಗಣ್ಣನಿಗೆ ಆಮೇಲೆ ಉಳಿದ ವ್ರತ.

ಎಂಬತ್ತಾರರ ಮೇ ತಿಂಗಳಲ್ಲಿ ನಿಜ್ವಾದ ಆಚೆ, ಬೆಟ್ಟದ ಬುಡದ ಒಂದು ಹಳ್ಳಿಗೆ ಕರೆಂಟು ಬರುವುದಿತ್ತು. ಕಂಬಗಳು ನಿಂತಾಗಿದ್ದವು. ಮನೆಮನೆಯ ಗೋಡೆಗೆ ಕಬ್ಬಿಣದ ಬ್ರಾಕೆಟ್ಟು ಕೂರಿಸಿ ಕಂಬದಿಂದ ವೈರು ಎಳೆಯುವ ಕೆಲಸ ಕೊಗ್ಗಣ್ಣನಿಗೂ ಅವನ ಜೊತೆಗಾರ ಎಡ್ಮಂಡನಿಗೂ ಬಂತು. ಎಡ್ಮಂಡ್ ಶಿರ್ವದ ಕಡೆಯ ಕಟ್ಟಾಳು; ಹಾಡು ಹೇಳಿಕೊಂಡು ಏಣಿ ಹತ್ತುವವನು, ಬೀಳುವುದೆಂದರೆ ಬೇರೆಯವರಿಗೆ ಆಗುವಂಥದ್ದು ಎಂದು ನಂಬಿದವನು. ಅವತ್ತು ಕಂಪೆನಿಯ ಪಿಕಪ್ಪು ಗ್ಯಾರೇಜಿನಲ್ಲಿತ್ತು. ಬೇರೆ ಗಾಡಿಯಲ್ಲಿ ಹೋಗಿ ಇಳಿದ ಮೇಲೆ ಕೊಗ್ಗಣ್ಣನಿಗೆ ನೆನಪಾಯಿತು: ತಾನು ಆರಿಸಿ ಆರಿಸಿ ಗೋಣಿಯಲ್ಲಿ ಕಟ್ಟಿಟ್ಟುಕೊಂಡಿದ್ದ ಮೂರು ಕಲ್ಲುಗಳು ಆ ಪಿಕಪ್ಪಿನಲ್ಲೇ ಉಳಿದಿವೆ.

ಮೊದಲ ಮನೆ ಝುವೈನಾ ಎಂಬ ಮುದುಕಿಯದು. ಮಣ್ಣಿನ ಗೋಡೆಯ ಎತ್ತರದ ಮನೆ, ಪಕ್ಕದಲ್ಲೇ ಫಲಜ್. ಬೆಟ್ಟದೊಳಗಿನಿಂದ ನೀರು ತಂದು ಊರಿನ ಖರ್ಜೂರದ ತೋಟಗಳಿಗೆ ಹಂಚುವ ಕಾಲುವೆಗೆ ಅಲ್ಲಿ ಹಾಗೆನ್ನುತ್ತಾರೆ. ಮುದುಕಿ ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಹೇಳಿದಳು: ಪಕ್ಕದ ತೋಟದವನ ಸರದಿ ಮುಗಿದ ಕೂಡಲೇ ನನ್ನ ನೀರಿನ ಸರದಿ, ಎಂಟು ದಿನಕ್ಕೊಮ್ಮೆ ಅರ್ಧ ಗಂಟೆ, ನಾನು ತೋಟಕ್ಕೆ ಹೋಗುತ್ತೇನೆ, ನೀವು ನಿಮ್ಮ ಕೆಲಸ ಮಾಡಿಕೊಳ್ಳಿ. ಹಾಗೆಂದು ಗುದ್ದಲಿ ಹಿಡಿದು ಇಳಿಜಾರಿನಲ್ಲಿ ಹೊರಟುಹೋದಳು.

ಏಣಿಗೆ ಇದ್ದದ್ದು ಒಂದೇ ಜಾಗ. ಅಲ್ಲಿ ಒಂದು ಕಾಲು ಫಲಜಿನ ಗಾರೆಯ ದಂಡೆಯ ಮೇಲೆ ಕೂತಿತು, ಇನ್ನೊಂದು ಕಾಲು ನೆಲದಿಂದ ನಾಲ್ಕು ಬೆರಳು ಮೇಲೆ ತೂಗಿತು. ಫಲಜಿನ ದಂಡೆಯನ್ನು ಅಗೆಯುವ ಹಾಗಿಲ್ಲ. ಅಗೆದರೆ ಊರೇ ಎದ್ದು ಬರುತ್ತದೆಂದು ಅಷ್ಟು ವರ್ಷ ಅಲ್ಲಿದ್ದವನಿಗೆ ಗೊತ್ತಿತ್ತು. ಕಲ್ಲೇ ಬೇಕು. ಬೆಟ್ಟದ ತುಂಬ ಕಲ್ಲು, ಆದರೆ ಎಲ್ಲ ಉರುಟು, ಇಲ್ಲವೇ ಚೂಪು. ಸುತ್ತಮುತ್ತ ಹುಡುಕುತ್ತಾ ಮನೆಯ ಹಿಂದಿನ ಬಯಲಿಗೆ ಬಂದರೆ, ಅಲ್ಲೊಂದು ಒಂಟಿ ಕಂಬ. ಬಟ್ಟೆ ಒಣಗಿಸುವ ಕಂಬವಿರಬೇಕು ಅಂದುಕೊಂಡ. ಅದರ ಪಕ್ಕದಲ್ಲಿ ನೆಲದ ಮೇಲೆ ಸಾಲಾಗಿ ಏಳೆಂಟು ಕಲ್ಲು. ಅದರಲ್ಲೊಂದು ಗೇಣಗಲ, ನಾಲ್ಕು ಬೆರಳು ದಪ್ಪ, ಅಳತೆ ಕೊಟ್ಟು ಮಾಡಿಸಿದಂತಿತ್ತು. ತುಳಿದು ನೋಡಿದ. ಮಿಸುಕಲಿಲ್ಲ.

ಕೊಗ್ಗಣ್ಣ ಯಾವ ಕಲ್ಲನ್ನೂ ವಿಚಾರಿಸದೆ ಎತ್ತುವವನಲ್ಲ. ನಮ್ಮ ತುಳುನಾಡಿನಲ್ಲಿ ಹುಟ್ಟಿದವನಿಗೆ ಆ ಬುದ್ಧಿ ಇದ್ದೇ ಇರುತ್ತದೆ; ನಾಗನ ಕಲ್ಲೋ ದೈವದ ಕಲ್ಲೋ ಆಗಿದ್ದರೆ ಏಳು ತಲೆಮಾರು ಅನುಭವಿಸಬೇಕು. ಬಗ್ಗಿ ನೋಡಿದ. ಕುಂಕುಮವಿಲ್ಲ. ಅರಸಿನವಿಲ್ಲ. ಎಣ್ಣೆಯ ಜಿಡ್ಡಿಲ್ಲ. ಎತ್ತಿ ಹಿಂದೆ ತಿರುಗಿಸಿದ, ಹೆಡೆಯ ಗುರುತೂ ಇಲ್ಲ. ಬರೀ ಕಲ್ಲು! ಸಮಾಧಾನದಿಂದ ಹೆಗಲಿಗೇರಿಸಿದ. ಒಳ್ಳೆಯವನಲ್ಲವೇ, ಯಾರಾದರೂ ಎಡವಿಯಾರೆಂದು ಕಲ್ಲೆದ್ದ ಗುಂಡಿಗೆ ಕಾಲಲ್ಲೇ ಮಣ್ಣು ತಳ್ಳಿ ನೆಲ ಸಮ ಮಾಡಿ ಬಂದ.

ಏಣಿ ಗುಡಿಯ ಕಂಬದ ಹಾಗೆ ನಿಂತಿತು. ಬಾಟಲಿಯ ನೀರು ಆಚೀಚೆ ಸರಿಯಲಿಲ್ಲ. ಕೊಗ್ಗಣ್ಣ ನಾಲ್ಕು ಸಲ ಜಿಗಿದ. "ಆಯ್ತಾ ಪೂಜೆ? ಇನ್ನು ನಾನು ಹತ್ತಬಹುದಾ?" ಎಂದ ಎಡ್ಮಂಡ್. "ಹತ್ತು, ಬಾಯಿ ಮಾತ್ರ ಕೆಳಗೆ ಇಟ್ಟು ಹೋಗು" ಎಂದು ಕೊಗ್ಗಣ್ಣ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತ.

ಕೆಲಸ ಅರ್ಧವಾಗಿತ್ತು. ಆಗ ಬಯಲಿನ ಕಡೆಗೆ ಒಬ್ಬ ಮುದುಕ ಬಂದ. ಬಿಳಿ ಗಡ್ಡ, ಕೈಯಲ್ಲಿ ಕೋಲು. ಏಣಿಯ ಬುಡದಿಂದ ಕೊಗ್ಗಣ್ಣನಿಗೆ ಆ ಬಯಲು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಮುದುಕ ಕಂಬದ ನೆರಳಿನ ತುದಿಯನ್ನು ನೋಡಿದ. ನೆರಳು ಒಂದು ಕಲ್ಲನ್ನು ಮುಟ್ಟಿತ್ತು. ತೋಟದ ಕಡೆ ತಿರುಗಿ ಒಂದು ಕೂಗು ಹಾಕಿದ. ಕೆಳಗೆ ಯಾರೋ ಕಾಲುವೆಯ ಒಂದು ಬಾಯಿ ಮುಚ್ಚಿ ಇನ್ನೊಂದು ಬಾಯಿ ತೆರೆದರು, ಫಲಜಿನ ನೀರು ದಾರಿ ಬದಲಿಸಿ ಪಕ್ಕದ ತೋಟಕ್ಕೆ ಹರಿಯಿತು. ಮುದುಕ ಹೋಗಿ ಗೋಡೆಯ ಮರೆಯಲ್ಲಿ ಕೂತ.

ಆಗ ಕೊಗ್ಗಣ್ಣನಿಗೆ ಹೊಳೆಯಿತು. ಅದು ಬಟ್ಟೆಯ ಕಂಬವಲ್ಲ, ಊರಿನ ಗಡಿಯಾರ. ಹೊತ್ತೇರಿದಂತೆ ನೆರಳು ಗಿಡ್ಡವಾಗುತ್ತಾ ಕಂಬದ ಕಡೆಗೆ ಸರಿಯುತ್ತದೆ. ಒಂದೊಂದು ಕಲ್ಲು ಮುಟ್ಟಿದಾಗಲೂ ಒಬ್ಬೊಬ್ಬರ ಸರದಿ. ಆ ಮುದುಕನೇ ನೀರಿನ ಸರದಿ ಹಂಚುವವನು; ಅಂಥವನಿಗೆ ಅಲ್ಲಿ ಅರೀಫ್ ಎನ್ನುತ್ತಾರೆ. ಈಗ ಪಕ್ಕದ ತೋಟದವನ ಸರದಿ ನಡೆಯುತ್ತಿದೆ, ಮುಂದಿನದು ಝುವೈನಾಳದು. ಅವಳ ಕಲ್ಲು ಇರಬೇಕಾದ ಜಾಗದಲ್ಲಿ ಇರುವುದು ಅವನೇ ಸಮ ಮಾಡಿ ಬಂದ ಮಣ್ಣು. ಕಲ್ಲು ಇಲ್ಲಿ, ಏಣಿಯ ಕಾಲಡಿಯಲ್ಲಿ. ಕಲ್ಲಿಲ್ಲದಿದ್ದರೆ ಅವಳ ಸರದಿ ತಪ್ಪಿ ನೀರು ಮುಂದಿನವರಿಗೆ ಹೋಗುತ್ತದೆ.

"ಎಡ್ಮಂಡಾ, ಬೇಗ ಇಳಿ!"

"ಎಂತ ಹೇಳ್ತೀರಿ ಕೊಗ್ಗಣ್ಣ! ಎರಡೇ ಬೋಲ್ಟು ಕೂತದ್ದು. ವೈರು ಎಳೀತಾ ಉಂಟು, ಕೈ ಬಿಟ್ಟರೆ ಬ್ರಾಕೆಟ್ಟು ಕಿತ್ತು ನನ್ನ ಮುಖಕ್ಕೇ ಬರ್ತದೆ. ಅರ್ಧ ಗಂಟೆ ಬೇಕು ಇನ್ನು."

ಬಿಡುವ ಹಾಗಿಲ್ಲ, ಹಿಡಿದು ಸುಮ್ಮನೆ ನಿಲ್ಲುವ ಹಾಗೂ ಇಲ್ಲ. ನೆರಳಿಗೆ ಇದ್ಯಾವುದೂ ಗೊತ್ತಿಲ್ಲ, ಅದು ತನ್ನಷ್ಟಕ್ಕೆ ಸರಿಯುತ್ತಿತ್ತು. ಕೊಗ್ಗಣ್ಣನ ಮನಸ್ಸಿನಲ್ಲಿ ಕೆಟ್ಟ ಯೋಚನೆ ಬರಲಿಲ್ಲ ಎಂದು ನಾನು ಹೇಳುವುದಿಲ್ಲ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಕೆಲಸ ಮುಗಿದ ಮೇಲೆ ಮೆಲ್ಲನೆ ಇಟ್ಟುಬಂದರಾಯಿತು. ಹೇಳಿದರೆ ದೂರು ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಕಿವಿಗೆ ಹೋಗುತ್ತದೆ. ಆರು ತಿಂಗಳ ಹಿಂದೆ ಇಂಥದ್ದೇ ಒಂದು ದೂರಿಗೆ ಕಫೀಲ್ ಒಬ್ಬ ಪ್ಲಂಬರನನ್ನು ವಾರದೊಳಗೆ ಊರಿಗೆ ಕಳಿಸಿದ್ದ. ಉಡುಪಿಯ ಹತ್ತಿರದ ಮನೆಯಲ್ಲಿ ಹೆಂಡತಿ ಉಮಾವತಿ, ಅರ್ಧ ಕಟ್ಟಿದ ಗೋಡೆ. ಬಾಯಿ ಮುಚ್ಚಿಕೊಂಡಿರು ಕೊಗ್ಗ ಎಂದು ಅವನಿಗೆ ಅವನೇ ಹೇಳಿಕೊಂಡ.

ಹಾಗೆ ಹೇಳಿಕೊಂಡು ಕೆಳಗೆ ನೋಡಬಾರದಿತ್ತು, ನೋಡಿದ. ಝುವೈನಾ ಲಿಂಬೆಗಿಡಗಳ ನಡುವೆ, ಬಟ್ಟೆಯ ಅಂಚು ಸೊಂಟಕ್ಕೆ ಸಿಕ್ಕಿಸಿ, ಒಣಗಿದ ಪಾತಿಯ ಬಾಯಲ್ಲಿ ಗುದ್ದಲಿ ಊರಿ ನಿಂತಿದ್ದಳು. ಎಂಟು ದಿನ ಕಾದವಳು. ಮೇ ತಿಂಗಳ ಬಿಸಿಲಿನಲ್ಲಿ ಇನ್ನೆಂಟು ದಿನ ಆ ಗಿಡಗಳು ತಡೆಯುವುದಿಲ್ಲ.

ಅರೀಫ್ ಮತ್ತೆ ಎದ್ದು ಬಂದ. ನೆರಳು ನೋಡಿದ, ಕಲ್ಲು ನೋಡಿದ, ಕೋಲಿನಿಂದ ಒಂದೊಂದೇ ಎಣಿಸಿದ. ನಿಂತ. ಮತ್ತೆ ಮೊದಲಿನಿಂದ ಎಣಿಸಿದ. ಅವನ ಕೋಲು ಖಾಲಿ ಜಾಗದಲ್ಲಿ ಗಾಳಿಯಲ್ಲೇ ನಿಂತದ್ದನ್ನು ಕಂಡು ಕೊಗ್ಗಣ್ಣನ ಗಂಟಲು ತಾನಾಗಿಯೇ ತೆರೆಯಿತು.

"ಅರ್ಬಾಬ್! ಧಣಿಗಳೇ! ಹಜರ್ ಇಲ್ಲಿ! ಕಲ್ಲು ಇಲ್ಲುಂಟು! ಅನಾ ಶೀಲ್, ನಾನೇ ತೆಗೆದದ್ದು! ಮಾಫ್ ಕರೋ!"

ಅರಬಿ, ಕನ್ನಡ, ಹಿಂದಿ ಎಲ್ಲ ಒಟ್ಟಿಗೆ ಬಂತು. ಮೇಲಿನಿಂದ ಎಡ್ಮಂಡ್ "ಯಾರ ಹತ್ರ ಮಾತಾಡುದು ನೀವು?" ಎಂದ. ಅರೀಫ್ ಹತ್ತಿರ ಬಂದ. ಏಣಿಯ ಕಾಲಡಿಯ ಕಲ್ಲನ್ನು ನೋಡಿದ. ತಲೆಯೆತ್ತಿ, ಬ್ರಾಕೆಟ್ಟಿಗೆ ಭುಜ ಕೊಟ್ಟು ನೇತಾಡುತ್ತಿದ್ದ ಎಡ್ಮಂಡನನ್ನು ನೋಡಿದ. ಏಣಿ ಬಿಡದೆ ಹಿಡಿದು ನಿಂತ ಕೊಗ್ಗಣ್ಣನನ್ನೂ ನೋಡಿದ. ಈಗ ಕೋಲು ಬೀಸುತ್ತಾನೆ ಎಂದು ಕೊಗ್ಗಣ್ಣ ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಅರೀಫ್ ಬಯಲಿನಲ್ಲಿದ್ದ. ಚಪ್ಪಲಿ ಕಳಚಿ ಬದಿಗಿಟ್ಟಿದ್ದ. ಹಿಂದಿನ ಕಲ್ಲಿಗೆ ಹಿಮ್ಮಡಿ ತಾಗಿಸಿ ಒಂದು ಪಾದ ಇಟ್ಟ, ಅದರ ಹೆಬ್ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ಕೂಡಿಸಿದ, ಮತ್ತೊಂದು ಪಾದ, ಆಮೇಲೆ ಬಗ್ಗಿ ಕೈಯಿಂದ ಮೂರು ಬೆರಳು ಅಳೆದ. ಅಪ್ಪನೋ ಅಜ್ಜನೋ ಹೇಳಿಕೊಟ್ಟ ಲೆಕ್ಕವಿರಬೇಕು. ಅಳೆದು ಮುಗಿದ ಜಾಗದಲ್ಲಿ, ಸುಡುವ ಮಣ್ಣಿನ ಮೇಲೆ, ಬಲಗಾಲು ಊರಿ ನಿಂತುಬಿಟ್ಟ. ಕಲ್ಲಿನ ಜಾಗಕ್ಕೆ ತಾನೇ ನಿಂತ.

ನೆರಳು ಅವನ ಕಾಲಿಗೆ ಬರಲು ಹತ್ತು ನಿಮಿಷ ಹಿಡಿಯಿತು. ಎಪ್ಪತ್ತು ದಾಟಿದ ಆ ಮನುಷ್ಯ ಬರಿಗಾಲಲ್ಲಿ ಕದಲಲಿಲ್ಲ. ನೆರಳಿನ ತುದಿ ಹೆಬ್ಬೆರಳನ್ನು ಮುಟ್ಟಿದ್ದೇ ತಡ, ತೋಟದ ಕಡೆ ತಿರುಗಿ ಝುವೈನಾಳ ಹೆಸರು ಹಿಡಿದು ಕೂಗಿದ. ಪಕ್ಕದ ತೋಟದವನು ತನ್ನ ಕಾಲುವೆಯ ಬಾಯಿ ಮುಚ್ಚಿದ. ನೀರು ಮುದುಕಿಯ ಪಾತಿಗೆ ನುಗ್ಗುವ ಸದ್ದು ಏಣಿಯವರೆಗೂ ಕೇಳಿಸಿತು. ಏಣಿಯ ಬುಡದಲ್ಲಿ ಇಷ್ಟು ಹಗುರವಾಗಿ ಕೊಗ್ಗಣ್ಣ ನಿಂತದ್ದು ಮೂರು ವರ್ಷದಲ್ಲಿ ಅದೇ ಮೊದಲು.

ನಾಲ್ಕನೇ ಬೋಲ್ಟು ಬಿಗಿದು ಎಡ್ಮಂಡ್ ಇಳಿದ. ಕೊಗ್ಗಣ್ಣ ಏಣಿ ಮಲಗಿಸಿದ, ಕಲ್ಲನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಯಲಿಗೆ ಹೋದ. ಅರೀಫ್ ಕೋಲಿನಿಂದ ಗೆರೆ ಎಳೆದಿಟ್ಟಿದ್ದ. ಆ ಗೆರೆಗೆ ಸರಿಯಾಗಿ ಮಣ್ಣು ಕೆದಕಿ, ಕಲ್ಲು ಕೂರಿಸಿ, ಬದಿಗೆ ಸಣ್ಣ ಹರಳು ತುಂಬಿ, ಮೇಲೆ ನಿಂತು ನೋಡಿದ. ಮಿಸುಕಲಿಲ್ಲ. ಅರೀಫ್ ತಾನೂ ಒಮ್ಮೆ ತುಳಿದು ನೋಡಿ ತಲೆಯಾಡಿಸಿದ. ಅವನ ಅಂಗಾಲು ಕೆಂಪಾಗಿತ್ತು.

"ಬೈಯಿರಿ ಅರ್ಬಾಬ್" ಎಂದ ಕೊಗ್ಗಣ್ಣ, ತನಗೆ ಬರುವ ಹರಕು ಅರಬಿಯಲ್ಲಿ. "ಕಲ್ಲು ತೆಗಿ ಅಂತ ಯಾಕೆ ಹೇಳಲಿಲ್ಲ?"

ಮುದುಕ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಇದನ್ನೂ ಕೇಳಬೇಕೇ ಎನ್ನುವ ಹಾಗೆ ಎಡ್ಮಂಡನ ಕಡೆ ಕೈ ತೋರಿಸಿದ. "ನೀರು ಎಂಟು ದಿನಕ್ಕೆ ಮತ್ತೆ ಬರುತ್ತದೆ. ಅವನು ಬಿದ್ದರೆ?" ಎಂದ. ಅಷ್ಟೇ ಹೇಳಿ ಖಲಾಸ್ ಎಂದು ಕೋಲೆತ್ತಿಕೊಂಡು ನೆರಳಿಗೆ ಹೋದ.

ಟ್ಯೂಬ್‌ಲೈಟ್ ಒಡೆಯಿತಾ ಎಂದು ಕೇಳಿದ ಸೂಪರ್‌ವೈಸರ್ ನೆನಪಾಗಿ ಕೊಗ್ಗಣ್ಣ ಅಲ್ಲೇ ಫಲಜಿನ ದಂಡೆಯ ಮೇಲೆ ಕೂತು, ಕಾಲೆರಡೂ ನೀರಿಗೆ ಬಿಟ್ಟು, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಾ ಅಳುತ್ತಾ ನಗುತ್ತಲೂ ಇದ್ದ. ಅದನ್ನು ಎಡ್ಮಂಡ್ ನಿಜ್ವಾದಿಂದ ಸೂರ್‌ವರೆಗೆ ಸಿಕ್ಕಿದವರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳಿಕೊಂಡು ತಿರುಗಿದ. ಬೇರೆ ಯಾವ ಮಾತಿಗಾದರೂ ಎದುರುತ್ತರ ಕೊಡುತ್ತಿದ್ದ ಕೊಗ್ಗಣ್ಣ ಇದೊಂದನ್ನು ಒಂದು ಸಲವೂ ಅಲ್ಲಗಳೆಯಲಿಲ್ಲ. "ಅತ್ತದ್ದು ಹೌದು" ಎನ್ನುತ್ತಿದ್ದ, "ನೀವು ಆಗಿದ್ದರೂ ಅಳ್ತಿದ್ರಿ."