ಮೂಕಿ ನುಡಿದ ಸಂಜೆ

ಬೆಕ್ಕು ಅಡ್ಡ ಬಂದರೆ ನಾನು ನಿಲ್ಲುವವಳಲ್ಲ. ಹಲ್ಲಿ ಲೊಚಗುಟ್ಟಿದ ಕೂಡಲೇ ಆಡುವ ಮಾತು ಬಿಟ್ಟು, ಆ ಮಾತು ನಿಜವೆಂದು ಅದು ಸಾಕ್ಷಿ ಹೇಳಿತೆಂಬಂತೆ ಬೆರಳಿನಿಂದ ನೆಲ ಕುಟ್ಟಿ ‘ಖರೆ ಖರೆ’ ಅನ್ನುವವರನ್ನು ಕಂಡರೆ ನನಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಶಕುನಗಳನ್ನು ನಂಬುತ್ತೇನೆ ಎಂದು ನಾನು ಈಗಲೂ ಹೇಳಲಾರೆ. ಆದರೆ ಒಂದು ಸಂಜೆ ನನ್ನ ಕಣ್ಣೆದುರಿಗೇ ನಡೆದದ್ದನ್ನು ಸುಳ್ಳು ಎನ್ನಲೂ ಆಗದೆ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೇನೆ. ನೀವು ನಗುವುದಾದರೆ ಪೂರ್ತಿ ಓದಿ ನಗಿ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮದು ಅಂಕಲಿಯಲ್ಲಿ ಜೈನರ ಒಕ್ಕಲು ಮನೆ. ಹೊತ್ತು ಮುಳುಗುವುದರೊಳಗೆ ಮನೆಯವರೆಲ್ಲರ ಊಟ ಮುಗಿಯಬೇಕು. ಆ ಊಟದ ಹೊತ್ತಿಗೆ ಅಡುಗೆಮನೆಯ ಕಿಟಕಿಗೆ ಒಂದು ಹಲ್ಲಿ ಬರುತ್ತಿತ್ತು. ಬಾಲ ಒಮ್ಮೆ ಕಡಿದು ಮತ್ತೆ ಮೋಟಾಗಿ ಬೆಳೆದದ್ದರಿಂದ ಎಲ್ಲಿ ಕಂಡರೂ ಗುರುತು ಸಿಗುತ್ತಿತ್ತು. ಮೊದಮೊದಲು ನಾನು ಅದಕ್ಕೆ ನೊಣ ಹೊಡೆದು ಹಾಕಲು ಹೋದಾಗ ಆಯಿ, ಅಂದರೆ ಅಪ್ಪನ ತಾಯಿ, ಕೈ ಹಿಡಿದುಕೊಂಡಳು. “ಒಂದು ಜೀವ ಸಾಕಾಕ ಎಷ್ಟು ಜೀವ ತಗೀತಿ ನೀ? ಹಾಕೂದಿದ್ರ ಅನ್ನ ಹಾಕು.”

ನಾನು ಅನ್ನದ ಅಗುಳು ಹಾಕಿದೆ. ನಂಬುತ್ತೀರೋ ಇಲ್ಲವೋ, ಹಲ್ಲಿ ಅನ್ನ ತಿನ್ನುತ್ತದೆ. ತಿಂಗಳು ಕಳೆಯುವುದರೊಳಗೆ ನನ್ನ ಬೆರಳ ತುದಿಯಿಂದಲೇ ಅಗುಳು ಎತ್ತಿಕೊಳ್ಳುವಷ್ಟು ಸಲಿಗೆ ಬೆಳೆಯಿತು. ರಾತ್ರಿ ಗೋಡೆಯ ಮೇಲೆ ಅದು ಏನೇನು ತಿನ್ನುತ್ತಿತ್ತೋ ಆಯಿ ಕೇಳಲಿಲ್ಲ, ನಾನು ಹೇಳಲಿಲ್ಲ. ಬೇರೆ ಹಲ್ಲಿ ಮನೆಯೊಳಗೆ ಬಂದರೆ ಅಟ್ಟಿಸಿಕೊಂಡು ಹೋಗಿ ಹೊರಗೆ ಹಾಕುತ್ತಿತ್ತು. ಆದರೆ ಒಂದು ದಿನವಾದರೂ ಲೊಚಗುಟ್ಟಿದ್ದಿಲ್ಲ. ಹಾಗಾಗಿ ನಾನು ಅದನ್ನು ಮೂಕಿ ಎಂದು ಕರೆದೆ. ಶಕುನ ಹೇಳದ ಹಲ್ಲಿ ಸಿಕ್ಕಿತಲ್ಲ ಎಂದು ಒಳಗೊಳಗೇ ನನಗೆ ಹೆಮ್ಮೆ.

ಆ ವರ್ಷ ನಾನು ಪಿಯುಸಿ ಮುಗಿಸಿದ್ದೆ. ಚಿಕ್ಕೋಡಿಯ ಕಾಲೇಜಿಗೆ ಹೋಗಿ ಬಿ.ಎ. ಮಾಡಬೇಕು, ಮಾಸ್ತರಿಕೆ ಹಿಡಿಯಬೇಕು, ಇದೊಂದೇ ಆಸೆ. ಆದರೆ ನಮ್ಮ ಮನೆಯ ಯಜಮಾನಿಕೆ ನಿಪ್ಪಾಣಿಯಲ್ಲಿ ತಂಬಾಕು ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪನ ಕೈಯಲ್ಲಿತ್ತು. ಅಪ್ಪ ಅಣ್ಣನೆದುರು ಬಾಯಿ ತೆರೆದವನಲ್ಲ. ದೊಡ್ಡಪ್ಪ ಕಾಗವಾಡದ ಒಂದು ಮನೆಯಲ್ಲಿ ನನ್ನ ಮದುವೆಯ ಮಾತು ಎತ್ತಿ, ಬೀಗರು ಬರುವ ಹಿಂದಿನ ದಿನ ಬಂದಿಳಿದ. ನಾನು ಒಲ್ಲೆ ಅಂದೆ. “ಹುಡುಗ್ಯಾರು ಕಲತು ಏನ್ ಕಡದು ಕಟ್ಟಿ ಹಾಕ್ತಾರು?” ಅಂದು ಅವನು ಕೋಟು ಗೂಟಕ್ಕೆ ಹಾಕಿ ಊಟಕ್ಕೆ ಕುಳಿತ. ನಾನು ಒಲ್ಲೆ ಅಂದದ್ದು ತನಗೂ ಕೇಳಿಸಿಯೇ ಇಲ್ಲವೆಂಬಂತೆ ಅವ್ವ ಅನ್ನ ಬಡಿಸಿದಳು.

ಮರುದಿನ ಬೆಳಿಗ್ಗೆ ಮೂಕಿ ಸತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ, ತಾನು ಉಣ್ಣುವ ಜಾಗದಲ್ಲೇ, ಬಿಳಿ ಹೊಟ್ಟೆ ಮೇಲೆ ಮಾಡಿ ಬಿದ್ದಿತ್ತು. ಮೈಮೇಲೆ ಗಾಯವಿಲ್ಲ. ಇರುವೆ ಮುತ್ತಿರಲಿಲ್ಲ. ನಾನು ಹಾಕಿದ್ದ ಅಗುಳು ಒಣಗಿ ಪಕ್ಕದಲ್ಲೇ ಇತ್ತು. ಹಿಂದಿನ ಸಂಜೆ ಕಿಟಕಿಯ ಸರಳು ಹಿಡಿದು ನನ್ನನ್ನೇ ನೋಡುತ್ತಿದ್ದ ಜೀವ ಅದು.

ನನ್ನ ತಲೆ ಸುಟ್ಟುಹೋಯಿತು. ನಮ್ಮ ಕಡೆ ಪುಂಡ ಹುಡುಗರು ಓತಿಕ್ಯಾತನ ಬಾಯಿಗೆ ತಂಬಾಕು ಹಾಕಿ ಅದು ಗಿರಗಿರ ತಿರುಗುವುದನ್ನು ನೋಡಿ ನಗುತ್ತಾರೆ. ದೊಡ್ಡಪ್ಪನ ಕೋಟಿನ ಜೇಬಿನಲ್ಲಿ ಯಾವಾಗಲೂ ತಂಬಾಕಿನ ಪುಡಿ. ನಾನು ಮೂಕಿಯನ್ನು ಅಂಗೈಯಲ್ಲಿಟ್ಟುಕೊಂಡು ಮೂಸಿ ನೋಡಿದೆ. ತಂಬಾಕಿನ ವಾಸನೆ ಇರಲಿಲ್ಲ. ಆದರೂ ಹಾಗೇ ಹೋಗಿ ಅವನ ಮುಂದೆ ನಿಂತು, ನೀವೇ ಏನೋ ಮಾಡಿದ್ದೀರಿ ಅಂದೆ.

“ನಮ್ಮ ಮನಿತನದಾಗ ಯಾರೂ ಇರವೀನೂ ತುಳಿಯೂದಿಲ್ಲ,” ಅಂದ ದೊಡ್ಡಪ್ಪ. “ಹಲ್ಲಿ ಸತ್ತದ್ದಕ್ಕ ಅಳತಾರೇನ ಹುಚ್ಚಿ? ಎಮ್ಮಿ ಸತ್ತಿದ್ರ ಒಂದು ಮಾತು.”

ಎಮ್ಮೆ ಸತ್ತಿದ್ದರೆ ಓಣಿಯೇ ಬಂದು ಸಮಾಧಾನ ಹೇಳುತ್ತಿತ್ತು. ಹಲ್ಲಿಗೆ ಯಾರು ಬರುತ್ತಾರೆ? ಅವ್ವ ಬಂದು ಕೈ ತೊಳೆದುಕೋ ಅಂದಳು. ನನ್ನ ದುಃಖಕ್ಕೆ ಸಿಕ್ಕಿದ್ದು ಅಷ್ಟೇ, ಒಂದು ತಂಬಿಗೆ ನೀರು. ನಾನು ಹಿತ್ತಲಿಗೆ ಹೋಗಿ ಪೇರಲ ಗಿಡದ ಬುಡದಲ್ಲಿ ಕುಣಿ ತೆಗೆದು ಮಣ್ಣು ಮಾಡಿದೆ, ನಾಯಿ ಕೆದರದಿರಲೆಂದು ಮೇಲೊಂದು ಕಲ್ಲು ಹೇರಿದೆ. ಆಯಿ ಬಾಗಿಲಲ್ಲಿ ನಿಂತು ನೋಡಿದಳು.

ಸಂಜೆ ಬೀಗರು ಬಂದರು, ಹುಡುಗನ ಅಪ್ಪ ಮತ್ತು ಸೋದರಮಾವ. ಬೆಳಕಿರುವಾಗಲೇ ಉಂಡು ಎಲ್ಲರೂ ಪಡಸಾಲೆಯಲ್ಲಿ ಕುಳಿತರು. ಅವ್ವ ಆಗತಾನೇ ದೀಪ ಹಚ್ಚಿದ್ದಳು. ನನ್ನನ್ನು ಆಯಿಯ ಪಕ್ಕದಲ್ಲಿ ಕೂರಿಸಿದ್ದರು. ನನ್ನ ಮೊಣಕಾಲ ಮೇಲೆ ಅವಳ ಕೈ ಇತ್ತು. ಸೋದರಮಾವ, ಹುಡುಗಿ ಏನಂತಾಳ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಹೇಳಿಬಿಟ್ಟ: “ಹುಡುಗಿ ಒಪ್ಯಾಳ್ರಿ.”

ಲೊಚ್, ಲೊಚ್, ಲೊಚ್.

ಸದ್ದು ಬಂದದ್ದು ಅಡುಗೆಮನೆಯ ಬಾಗಿಲ ಮೇಲೆ ತೂಗುಹಾಕಿದ್ದ ಫೋಟೋದ ಹಿಂದಿನಿಂದ. ಹಗಲೆಲ್ಲ ಮೂಕಿ ಮಲಗುತ್ತಿದ್ದ ಜಾಗ ಅದು. ಎಲ್ಲರ ಬೆರಳೂ ಒಮ್ಮೆಲೇ ನೆಲ ಕುಟ್ಟಿದವು. “ಬಘಾ, ನೋಡ್ರಿ, ಹಲ್ಲೀನೂ ಹೂಂ ಅಂತು!” ಎಂದು ಸೋದರಮಾವ ನಕ್ಕ.

ನನಗೆ ಭಯವಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿಯಿತು. ಎರಡು ವರ್ಷ ನನ್ನ ಕೈಯ ಅನ್ನ ತಿಂದು ಒಂದು ಸಲವೂ ಬಾಯಿ ಬಿಡದ್ದು, ಸತ್ತ ದಿನ ಅವರ ಪರವಾಗಿ ಸಾಕ್ಷಿ ಹೇಳುತ್ತದೆಯೇ? ಎದ್ದು ನಿಂತು ಕೂಗಿದೆ: “ನಮ್ಮ ಹಲ್ಲಿ ಸತ್ತೈತಿ! ಮುಂಜಾನೆ ನಾನ ಮಣ್ಣ ಮಾಡೀನಿ! ಮತ್ತ ನಾ ಒಪ್ಪಿಲ್ಲ, ಒಪ್ಪಿಲ್ಲ!”

“ಇನ್ನೊಂದು ಬಂದಿರಬೇಕು,” ಎಂದು ದೊಡ್ಡಪ್ಪ ಸ್ಟೂಲು ಹತ್ತಿ ಫೋಟೋ ಇಳಿಸಿದ. ಹಿಂದೆ ಬರೀ ಗೋಡೆ. ಮೂಲೆಯ ಜೇಡರ ಬಲೆಯ ಒಂದು ಎಳೆಯೂ ಹರಿದಿರಲಿಲ್ಲ. ಅವನು ಇನ್ನೂ ಫೋಟೋ ಹಿಡಿದುಕೊಂಡೇ ಇದ್ದ, ಅದೇ ಬರಿಯ ಗೋಡೆಯಿಂದ ಮತ್ತೆ ಲೊಚ್, ಲೊಚ್, ಲೊಚ್. ಎಲ್ಲರೂ ಕೇಳಿದರು. ಈ ಸಲ ಯಾರೂ ನೆಲ ಕುಟ್ಟಲಿಲ್ಲ.

ಆಯಿಯೇ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದಳು. ದೊಡ್ಡಪ್ಪ ಬ್ಯಾಟರಿ ಹಿಡಿದು ಕಲ್ಲು ಸರಿಸಿದ, ಮಣ್ಣು ಕೆದರಿದ. ಮೋಟು ಬಾಲದ ಮೂಕಿ ನಾನು ಮಲಗಿಸಿದ ಹಾಗೆಯೇ ಇತ್ತು.

“ಸತ್ತದ್ದು ನುಡಿದ ಮನಿಯಾಗ ಮದವಿ ಮಾತು ಬ್ಯಾಡ,” ಅಂದಳು ಆಯಿ. “ವರ್ಷ ತುಂಬೂತನಕ ಯಾರೂ ಈ ಮಾತು ಎತ್ತಬ್ಯಾಡ್ರಿ.” ಇಂಥದೊಂದು ಪದ್ಧತಿ ನಮ್ಮಲ್ಲಿ ಇರುವುದು ನನಗೆ ಗೊತ್ತಿರಲಿಲ್ಲ; ಇಲ್ಲವೆಂದೂ ಯಾರೂ ಹೇಳಲಿಲ್ಲ. ಬೀಗರು ಎಲೆಅಡಿಕೆ ಕೂಡ ಮುಟ್ಟದೆ ಬಸ್ಸು ಹಿಡಿಯಲು ಹೊರಟುಹೋದರು. ಮತ್ತೆ ಬರಲಿಲ್ಲ.

ಮದುವೆಯ ಮಾತಿಲ್ಲದ ಆ ವರ್ಷವೇ ನಾನು ಚಿಕ್ಕೋಡಿಯ ಕಾಲೇಜಿಗೆ ಹೋದೆ. ರಾಯಬಾಗದಲ್ಲಿ ನೌಕರಿ ಸಿಕ್ಕಿತು. ಆಮೇಲೆ, ನನ್ನ ಮನಸ್ಸು ಬಂದಾಗ, ಮದುವೆಯೂ ಆಯಿತು. ಈ ಕಥೆ ಕೇಳಿದ ನನ್ನ ಗಂಡ, “ನಿಮ್ಮ ಆಯೀನೇ ಹಲ್ಲೀನ ಕೊಂದು, ನಾಲಿಗಿಯಿಂದ ಸಪ್ಪಳಾ ಮಾಡಿರಬೇಕು,” ಎಂದು ನಗುತ್ತಾನೆ. ನೊಣ ಕೊಲ್ಲಲು ಬಿಡದ ಆಯಿ ಕೊಲ್ಲುತ್ತಾಳೆಯೇ? ಅದೂ ಅಲ್ಲದೆ ಸದ್ದಾದಾಗ ನಾನು ಅವಳ ಪಕ್ಕದಲ್ಲೇ ಇದ್ದೆ. ನನ್ನ ಮೊಣಕಾಲ ಮೇಲಿದ್ದ ಅವಳ ಕೈ ಒಮ್ಮೆಲೇ ತಣ್ಣಗಾಗಿತ್ತು. ಅವಳು ಸಾಯುವ ಮುಂಚೆ ಎರಡು ಮೂರು ಸಲ ಕೇಳಿದೆ. “ಕಾಲೇಜಿಗೆ ಹ್ವಾದ್ಯಲ್ಲ, ಇನ್ನೇನು ಬೇಕು?” ಅನ್ನುತ್ತಿದ್ದಳು. ಆ ಉತ್ತರ ನೆನಪಾದಾಗೆಲ್ಲ ಅವಳ ಮೇಲೂ ಸಿಟ್ಟು ಬರುತ್ತದೆ.

ನನಗೆ ಏನು ಬೇಕಿತ್ತೆಂದರೆ, ಮೂಕಿ ಹೇಗೆ ಸತ್ತಿತು ಎಂದು ಯಾರಾದರೂ ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ಆ ಸದ್ದು ಯಾರದೋ ಅದೂ ತಿಳಿಯಲಿಲ್ಲ. ದೊಡ್ಡಪ್ಪ ಕಡೆಯವರೆಗೂ ಹಲ್ಲಿ ನಿನ್ನನ್ನು ಆ ಮದುವೆಯಿಂದ ಉಳಿಸಿತು ಅನ್ನುತ್ತಿದ್ದ, ನಾನು ಅದಕ್ಕೆ ಋಣಿಯಾಗಿರಬೇಕು ಎಂಬಂತೆ. ಈಗಲೂ ಹಲ್ಲಿ ಲೊಚಗುಟ್ಟಿದರೆ ಸುತ್ತಲಿನವರು ನೆಲ ಕುಟ್ಟುತ್ತಾರೆ. ನಾನು ಕೈ ಕಟ್ಟಿಕೊಂಡು ಕೂರುತ್ತೇನೆ. ಅದೇ ಮನೆಯಲ್ಲಿ, ಅದೇ ಜನರೆದುರು, ಉಸಿರಾಡುತ್ತಿದ್ದ ನಾನು ಒಲ್ಲೆ ಅಂದಿದ್ದೆ. ಅವರಿಗೆ ಕೇಳಿಸಿದ್ದು ಸತ್ತ ಹಲ್ಲಿಯ ಮಾತು.